ಪದಚರ್ಚೆ: ‘ಶೇಂಗಾ ಆಗುವುದಿಲ್ಲ’ ಎಂದರೆ ಹೋಟೆಲಿನವರಿಗೆ ಏನು ಕೇಳಿಸುತ್ತದೆ?

ಬಲ್ಲವರಲ್ಲಿ ಒಂದು ವಿನಂತಿ. ಶಿವಮೊಗ್ಗದಲ್ಲಿ ಹೋಟೆಲ್ ನಡೆಸುವ ಪರಿಚಿತರೊಬ್ಬರು ತಮ್ಮ ತಿಂಡಿಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದ್ದಾರೆ. ಯಾವ ತಿಂಡಿಯಲ್ಲಿ ಶೇಂಗಾ, ಗೋಡಂಬಿ, ಹಾಲು, ಗೋಧಿ ಇದೆ ಎಂಬುದು ಪಟ್ಟಿಯಲ್ಲೇ ಇರಬೇಕು, ಅದೂ ಕನ್ನಡದಲ್ಲಿ ಇರಬೇಕು ಎಂಬುದು ಅವರ ಹಟ. ತಿದ್ದಿಕೊಡಿ ಎಂದು ಕರಡನ್ನು ನನಗೆ ಕೊಟ್ಟಿದ್ದಾರೆ. ಮೇಲುಗಡೆ ‘ಅಲರ್ಜಿಕಾರಕ ಅಂಶಗಳ ಘೋಷಣೆ’ ಎಂದಿದೆ. ಅಲ್ಲಿನ ಸಪ್ಲೈಯರ್ ಹುಡುಗನಿಗೆ ಓದಲು ಕೊಟ್ಟೆ. ‘ಘೋಷಣೆ ಎಂದರೆ ಕೂಗುವುದಲ್ಲವೇ ಸರ್, ಯಾರು ಕೂಗಬೇಕು?’ ಎಂದು ಕೇಳಿದ. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಬಾಯಿಮಾತಿನಲ್ಲಿ ನಮಗೆ ಇರುವುದು ‘ಆಗುವುದಿಲ್ಲ’. ಸೀಗಡಿ ಆಗುವುದಿಲ್ಲ, ಬದನೆಕಾಯಿ ಆಗುವುದಿಲ್ಲ, ಇಂದು ಬರಲು ಆಗುವುದಿಲ್ಲ, ಅಣ್ಣತಮ್ಮಂದಿರಿಗೆ ಪರಸ್ಪರ ಆಗುವುದಿಲ್ಲ. ಮನೆಯಲ್ಲಿ ಇಷ್ಟು ಸಾಕು, ಏಕೆಂದರೆ ಯಾರಿಗೆ ಏನು ಎಷ್ಟರ ಮಟ್ಟಿಗೆ ಆಗುವುದಿಲ್ಲ ಎಂಬುದು ಅಡುಗೆ ಮಾಡುವವರಿಗೆ ಗೊತ್ತು. ಹೋಟೆಲಿನಲ್ಲಿ ಸಾಲದು. ಚಿತ್ರಾನ್ನ ಹೇಳಿದ ಗಿರಾಕಿ ‘ನನಗೆ ಶೇಂಗಾ ಆಗುವುದಿಲ್ಲ’ ಎಂದರೆ ಸಪ್ಲೈಯರ್ ಒಳಗೆ ಹೋಗಿ, ಚಮಚದ ತುದಿಯಿಂದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಅದೇ ಅನ್ನವನ್ನು ತಂದು ಮುಂದಿಡುತ್ತಾನೆ. ಅವನ ಲೆಕ್ಕದಲ್ಲಿ ಅದು ಉಪಚಾರ. ಅವನಿಗೆ ಕೇಳಿಸಿದ್ದು ‘ಸೇರುವುದಿಲ್ಲ’. ಆದರೆ ಶೇಂಗಾ ಹುರಿದ ಒಗ್ಗರಣೆ ಅಗುಳು ಅಗುಳಿಗೂ ಹಿಡಿದಿರುತ್ತದೆ. ಹುರಿದ ಮಾತ್ರಕ್ಕೆ ಶೇಂಗಾದ ಪ್ರೋಟೀನು ನಿರಪಾಯಕಾರಿಯಾಗುವುದಿಲ್ಲ. ಅಲರ್ಜಿ ತೀವ್ರವಾಗಿರುವವರಿಗೆ ಕೆಲವೇ ನಿಮಿಷಗಳಲ್ಲಿ ತುಟಿ, ಗಂಟಲು ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು. ಆಗ ಕೊಡಬೇಕಾದ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ಆಗುಂಬೆಯ ತಿರುವಿನಲ್ಲಿ ಅದು ಸಿಗುವುದಿಲ್ಲ.

ಅಲರ್ಜಿಗೆ ಕನ್ನಡದಲ್ಲಿ ‘ಒಗ್ಗದಿಕೆ’ ಎಂಬ ಪದವನ್ನು ಕೆಲವರು ಸೂಚಿಸುತ್ತಾರೆ. ಕೇಳಲು ಚೆನ್ನಾಗಿದೆ, ಅಚ್ಚಗನ್ನಡವೂ ಹೌದು. ನನ್ನ ತಕರಾರು ಅದರ ಬೇರಿನ ಬಗ್ಗೆ. ಒಗ್ಗುವುದು ಎಂದರೆ ಹೊಂದಿಕೊಳ್ಳುವುದು, ರೂಢಿಯಾಗುವುದು. ಊರಿನ ನೀರು ಮೊದಲು ಒಗ್ಗುವುದಿಲ್ಲ, ತಿಂಗಳು ಕಳೆದರೆ ಒಗ್ಗುತ್ತದೆ. ಆದ್ದರಿಂದಲೇ ‘ಒಗ್ಗುವುದಿಲ್ಲ’ ಎಂದವರಿಗೆ ‘ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಾ ಬಾ, ಒಗ್ಗಿಹೋಗುತ್ತದೆ’ ಎಂಬ ಉತ್ತರ ತಯಾರಾಗಿ ಕಾದಿರುತ್ತದೆ. ಹಾಗೆ ಅಲ್ಪ ಪ್ರಮಾಣದಿಂದ ಶುರುಮಾಡುವ ಚಿಕಿತ್ಸೆ ಇರುವುದು ನಿಜ, ಆದರೆ ಅದು ತಜ್ಞ ವೈದ್ಯರ ಕಣ್ಣೆದುರು ನಡೆಯುವಂಥದ್ದು, ಹೋಟೆಲಿನ ಮೇಜಿನ ಮೇಲಲ್ಲ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವವರಿಗೆ ‘ಹಾಲು ಒಗ್ಗುವುದಿಲ್ಲ’ ಎಂಬ ಮಾತು ಸರಿಹೊಂದುತ್ತದೆ; ಅದು ಜೀರ್ಣದ ತೊಂದರೆ. ಹಾಲಿನ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವುದು ಬೇರೆ ಸಂಗತಿ. ಎರಡಕ್ಕೂ ಒಂದೇ ಪದ ಇಟ್ಟರೆ ಎರಡನೆಯವರಿಗೆ ಅಪಾಯ.

ಮಲೆನಾಡಿನ ಹಿರಿಯರನ್ನು ಕೇಳಿದರೆ ಮೊದಲು ಬರುವ ಪದ ‘ನಂಜು’. ಗಾಯವಾದವರಿಗೆ ಬದನೆಕಾಯಿ ನಂಜು, ಬಾಣಂತಿಗೆ ಇಂತಿಂಥದ್ದು ನಂಜು. ಈ ಪದಕ್ಕೆ ವಿಷ ಎಂಬ ಮೂಲಾರ್ಥ ಇರುವುದರಿಂದ ಗಾಂಭೀರ್ಯಕ್ಕೆ ಕೊರತೆಯಿಲ್ಲ. ತೊಡಕೆಂದರೆ, ನಂಜು ಪದಾರ್ಥದ ಗುಣ ಮತ್ತು ಅದು ಒಂದು ಅವಧಿಗೆ ಸೀಮಿತ: ಗಾಯ ಮಾಗಿದ ಮೇಲೆ ಯಾರು ಬೇಕಾದರೂ ಬದನೆಕಾಯಿ ತಿನ್ನಬಹುದು. ಅಲರ್ಜಿಯಲ್ಲಿ ಪದಾರ್ಥದ ತಪ್ಪೇನೂ ಇಲ್ಲ. ಒಬ್ಬರಿಗೆ ಮಾತ್ರ, ಆದರೆ ಸಾಮಾನ್ಯವಾಗಿ ಪ್ರತಿ ಸಲವೂ ತೊಂದರೆ. ‘ಪಥ್ಯ’ ಎಂದು ಹೇಳಿ ನೋಡಿದರೆ ಖಾರ ಕಡಿಮೆ ಮಾಡಿ ತಂದುಕೊಡುತ್ತಾರೆ. ಪಿತ್ತದ ಗಂಧೆ, ದದ್ದು ಎಂಬುವು ಮೈಮೇಲೆ ಎದ್ದದ್ದರ ಹೆಸರುಗಳು, ಅದಕ್ಕೆ ಕಾರಣವಾದ ಸ್ಥಿತಿಯದಲ್ಲ.

ಹಾಗಾಗಿ ಸ್ಥಿತಿಯ ಹೆಸರಿಗೆ ‘ಅಲರ್ಜಿ’ಯನ್ನೇ ಉಳಿಸಿಕೊಳ್ಳೋಣ ಎನ್ನುವುದು ನನ್ನ ಪಕ್ಷ. ಇಂಗ್ಲಿಷಿನವರಿಗೂ ಅದು ಸ್ವಂತ ಪದವಲ್ಲ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕಿನ ಎರಡು ಪದಗಳನ್ನು ಹೊಸೆದು ಮಾಡಿದ್ದು. ಆದರೆ ಈಗ ಅದೂ ಸವೆದಿದೆ. ಧೂಳಿಗೆ ಸೀನು ಬಂದರೆ ಅಲರ್ಜಿ, ವಿರೋಧ ಪಕ್ಷದವರಿಗೆ ಅಭಿವೃದ್ಧಿ ಎಂದರೆ ಅಲರ್ಜಿ.

ಪದಾರ್ಥಗಳ ಹೆಸರಿನಲ್ಲಿ ಇನ್ನೂ ದೊಡ್ಡ ಗೋಜಲು ಇದೆ. ಶಿಕಾರಿಪುರದ ಕಡೆಯವರು ಶೇಂಗಾ ಎನ್ನುತ್ತಾರೆ, ಬೆಂಗಳೂರಿನಿಂದ ಜೋಗ ನೋಡಲು ಬಂದವರು ಕಡಲೆಕಾಯಿ, ಕಡಲೆಬೀಜ ಎನ್ನುತ್ತಾರೆ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಅಡುಗೆ ಭಟ್ಟರು ನೆಲಗಡಲೆ ಎನ್ನುತ್ತಾರೆ. ಬರೀ ‘ಕಡಲೆ’ ಎಂದರೆ ಅದು ಬೇರೆಯೇ ಕಾಳು. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಎಲ್ಲ ಆ ಮನೆತನದವು. ಹೀಗಿದ್ದೂ ‘ಕಡಲೆ ಎಣ್ಣೆ’ ಎಂದಾಗ ಅದು ಶೇಂಗಾ ಎಣ್ಣೆ! ‘ಚಟ್ನಿಗೆ ಕಡಲೆ ಹಾಕಿದ್ದೀರಾ?’ ಎಂದು ಕೇಳಿದರೆ ಭಟ್ಟರು ‘ಹೌದು’ ಎಂದಾಗ ಹುರಿಗಡಲೆ ಇರಬಹುದು, ‘ಇಲ್ಲ’ ಎಂದಾಗ ಶೇಂಗಾ ಇರಬಹುದು. ಎರಡು ಸಲವೂ ಅವರು ಸುಳ್ಳು ಹೇಳಿರುವುದಿಲ್ಲ. ಕರಡಿನಲ್ಲಿ ‘ಶೇಂಗಾ (ಕಡಲೆಕಾಯಿ, ನೆಲಗಡಲೆ)’ ಎಂದು ಮೂರನ್ನೂ ಬರೆದಿದ್ದೇನೆ. ಜಾಗ ಹೆಚ್ಚು ಹಿಡಿಯಿತೆಂದು ಅಚ್ಚಿನವರ ಗೊಣಗಾಟ. ಗೊಣಗಲಿ. ಇಂಗಿನದು ಇನ್ನೊಂದು ಕಥೆ: ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಆದ್ದರಿಂದ ಗೋಧಿಯ ಸುಳಿವೇ ಇಲ್ಲದ ಸಾರಿನ ಎದುರಿಗೂ ‘ಗೋಧಿ’ ಎಂದು ಬರೆಯಬೇಕಾಯಿತು.

ನಿಯಮದ ಮಾತು ಸ್ವಲ್ಪ. ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳಲ್ಲಿ ಅಲರ್ಜಿ ಉಂಟುಮಾಡುವ ಪದಾರ್ಥಗಳ ಪಟ್ಟಿ ಇದೆ: ಗ್ಲುಟೆನ್ (ಗೋಧಿಯಂಥವುಗಳಲ್ಲಿರುವ ಪ್ರೋಟೀನು) ಇರುವ ಧಾನ್ಯಗಳು, ಸೀಗಡಿ ಏಡಿಗಳ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥವು, ಸೋಯಾ, ಒಂದು ಮಿತಿ ಮೀರಿದ ಸಲ್ಫೈಟ್ (ಆಹಾರ ಕೆಡದಂತೆ ಬೆರೆಸುವ ರಾಸಾಯನಿಕ). ಕೇಂದ್ರ ಪರವಾನಗಿ ಇರುವ, ಇಲ್ಲವೇ 10 ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಈ ಮಾಹಿತಿಯನ್ನು ಗಿರಾಕಿಗೆ ಕೊಡಬೇಕು. ನಮ್ಮವರದು ಒಂದೇ ಹೋಟೆಲ್, ಅವರಿಗೆ ಕಡ್ಡಾಯವಲ್ಲ. ಪೊಟ್ಟಣದ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು, ಉಳಿದ ಭಾಷೆ ಐಚ್ಛಿಕ. ಕನ್ನಡದ ಒಕ್ಕಣೆ ರೂಢಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ನನ್ನನ್ನು ಕಾಡುತ್ತಿರುವ ಮುಖ್ಯ ಪ್ರಶ್ನೆ. ತಿಂಡಿಗೆ ಶೇಂಗಾ ಹಾಕಿಲ್ಲ, ಆದರೆ ಶೇಂಗಾ ಚಟ್ನಿಯ ಸೌಟು ಇದಕ್ಕೂ ಹೋಗಿದೆ. ಸೀಗಡಿ ಹುರಿದ ಕಾವಲಿಯಲ್ಲೇ ಕೋಳಿ ಹುರಿದಿದ್ದಾರೆ. ಇದನ್ನು ಏನೆಂದು ಕರೆಯೋಣ? ಇಂಗ್ಲಿಷಿನ ‘ಕ್ರಾಸ್ ಕಂಟಾಮಿನೇಷನ್’ಗೆ ‘ಅಡ್ಡ ಮಾಲಿನ್ಯ’ ಎಂಬ ಅನುವಾದ ನೋಡಿದ್ದೇನೆ. ಶೇಂಗಾ ಮಾಲಿನ್ಯವೂ ಅಲ್ಲ, ಅದು ಅಡ್ಡಡ್ಡ ಹರಿಯುವುದೂ ಇಲ್ಲ. ‘ಸೋಂಕು’ ಕೊರೊನಾದ ನಂತರ ಪೂರ್ತಿಯಾಗಿ ಕಾಯಿಲೆಯ ಪಾಲಾಗಿದೆ. ಈ ಭಾಗದ ಸಂಪ್ರದಾಯಸ್ಥ ಬ್ರಾಹ್ಮಣರ ಅಡುಗೆಮನೆಯಲ್ಲಿ ‘ಮುಸುರೆ’ ಎಂಬ ಪದ ಇದೆ: ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ, ಅನ್ನದ ಕೈ ಮೊಸರಿಗೆ ಹೋಗುವಂತಿಲ್ಲ. ಅಲರ್ಜಿ ಇರುವವರಿಗಾಗಿ ಅಡುಗೆ ಮಾಡುವಾಗ ಬೇಕಾದದ್ದು ಇದೇ ಶಿಸ್ತು. ಆದರೆ ಹೊರಗಿನವರಿಗೆ ಮುಸುರೆ ಎಂದರೆ ತೊಳೆಯಬೇಕಾದ ಪಾತ್ರೆ. ತಿಂಡಿಪಟ್ಟಿಯಲ್ಲಿ ಅದನ್ನು ಓದಿದವರು ಎದ್ದು ಹೋಗುತ್ತಾರೆ. ‘ಮೈಲಿಗೆ’ಯನ್ನಂತೂ ಬಾಗಿಲಲ್ಲೇ ತಡೆಯಬೇಕು. ಮನುಷ್ಯರನ್ನು ದೂರವಿಡಲು ಬಳಸಿದ ಪದ ಅದು, ಯಾರ ಊಟದ ಪಕ್ಕದಲ್ಲೂ ಅದಕ್ಕೆ ಜಾಗ ಬೇಡ.

ನನ್ನ ಒಲವು ‘ತಾಗು’ ಕಡೆಗಿದೆ. ಮುಟ್ಟುವುದಕ್ಕೂ ತಾಗುವುದಕ್ಕೂ ನಮ್ಮಲ್ಲಿ ವ್ಯತ್ಯಾಸವಿದೆ. ಮುಟ್ಟುವುದು ಬೇಕೆಂದೇ ಮಾಡುವ ಕೆಲಸವಾಗಬಹುದು. ತಾಗುವುದು ಅರಿವಿಲ್ಲದೆ ಆಗಿಬಿಡುವಂಥದ್ದು, ಜೊತೆಗೆ ಪರಿಣಾಮವನ್ನೂ ಹೊತ್ತು ತರುವಂಥದ್ದು. ದೃಷ್ಟಿ ತಾಗುತ್ತದೆ, ಬಿಸಿ ತಾಗುತ್ತದೆ. ಅಪ್ಪೆಮಿಡಿ ಕೊಯ್ಯುವವರನ್ನು ಕೇಳಿ: ತೊಟ್ಟು ಮುರಿದಾಗ ಚಿಮ್ಮುವ ಸೊನೆ ಒಂದು ಹನಿ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ಕೆಲವರಿಗೆ ಮುಖವೇ ಊದುತ್ತದೆ. ಗೇರಿನ ಸಿಪ್ಪೆಯ ಎಣ್ಣೆಯೂ ಹಾಗೆಯೇ. ಮಾವು, ಗೇರು ಒಂದೇ ಸಸ್ಯಕುಟುಂಬದವು. ‘ತಾಗಿದರೂ ಸಾಕು’ ಎಂಬ ಮಾತಿನ ತೂಕ ಇಲ್ಲಿಯವರಿಗೆ ವಿವರಿಸದೆ ಅರ್ಥವಾಗುತ್ತದೆ.

ಹೀಗೆ ಬರೆದಿದ್ದೇನೆ: ‘ಈ ತಿಂಡಿಗೆ ಶೇಂಗಾ ಹಾಕಿಲ್ಲ. ಆದರೆ ಶೇಂಗಾ ಬಳಸುವ ಅಡುಗೆಮನೆಯಲ್ಲೇ ತಯಾರಾಗುವುದರಿಂದ ತಾಗಿರುವ ಸಾಧ್ಯತೆ ಇದೆ. ಅಲರ್ಜಿ ಇರುವವರು ಮೊದಲೇ ತಿಳಿಸಿ.’ ಬರೀ ‘ಶೇಂಗಾ ಇರಬಹುದು’ ಎಂದು ಬರೆದರೆ ಮಾಲೀಕರಿಗೇ ಗೊತ್ತಿಲ್ಲ ಎಂಬ ಧ್ವನಿ ಬರುತ್ತದೆ, ಅದಕ್ಕೇ ಉದ್ದ ಮಾಡಿದ್ದು. ಗಿರಾಕಿ ಸಪ್ಲೈಯರ್‌ಗೆ ಹೇಳಬೇಕಾದದ್ದಕ್ಕೂ ಇದೇ ಜಾಡಿನಲ್ಲಿ ‘ನನಗೆ ಶೇಂಗಾ ಅಲರ್ಜಿ, ತಾಗಿದರೂ ಉಸಿರು ಕಟ್ಟುತ್ತದೆ’ ಎಂಬ ವಾಕ್ಯ ಯೋಚಿಸಿದ್ದೇನೆ.

ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯವರು ದಯವಿಟ್ಟು ತಿಳಿಸಿ: ಏಡಿ ಸಾರು ಉಂಡ ಕೂಡಲೇ ಮೈಯೆಲ್ಲ ಗಂಧೆ ಏಳುವ ವ್ಯಕ್ತಿಯ ಬಗ್ಗೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರು? ‘ತಾಗು’ ಧಾತುವಿನಿಂದ ಈ ಅರ್ಥಕ್ಕೆ ನಾಮಪದವೊಂದು ಎಲ್ಲಾದರೂ ಬಳಕೆಯಲ್ಲಿದೆಯೇ? ಧಾರವಾಡದ ಕಡೆಯವರಿಗೆ ‘ತಾಗಿರುವ ಸಾಧ್ಯತೆ’ ಸಹಜವಾಗಿ ಕೇಳಿಸುತ್ತದೆಯೇ, ಅಥವಾ ‘ಹತ್ತಿರುವ’ ಎಂದರೆ ವಾಸಿಯೇ? ಪಟ್ಟಿ ಇನ್ನೂ ಅಚ್ಚಿಗೆ ಹೋಗಿಲ್ಲ, ತಿದ್ದಲು ಅವಕಾಶವಿದೆ.