ಟೂರ್ನಮೆಂಟ್ ಕಮಿಟೀಲಿ ಹೆಂಗಸರಿಗೆ ಹಾರದ ತಟ್ಟೆ ಮಾತ್ರನಾ?

ತೀರ್ಥಳ್ಳಿ_ರೈಡರ್:
ಯೂನಿವರ್ಸಿಟಿ ತನಕ ಕಬಡ್ಡಿ ಆಡಿದೀನಿ, ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಆಗಿದೆ, ಈಗ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದ್ಲಾ ಅಂತ ಯೋಚ್ನೆ. ಮೊನ್ನೆ ನಮ್ ಕಡೆ ಹೊನಲು ಬೆಳಕಿನ ಪಂದ್ಯಾವಳಿ ಇತ್ತು, ನಾನೇ ಹೋಗಿ ಕಮಿಟಿಗೆ ಸೇರಿಸ್ಕೊಳ್ಳಿ, ಟೇಬಲ್ಲಲ್ಲಿ ಕೂತು ಸ್ಕೋರ್ ಬರೀತೀನಿ ಅಂದೆ, ಆಯ್ತಮ್ಮಾ ಅಂದ್ರು, ಹೋಗಿ ನೋಡಿದ್ರೆ ನಂಗೆ ಕೊಟ್ಟ ಕೆಲ್ಸ ಗೆಸ್ಟುಗಳ ಶಾಲು ಹಾರದ ತಟ್ಟೆ ಹಿಡ್ಕೊಂಡು ಸ್ಟೇಜ್ ಪಕ್ಕ ನಿಲ್ಲೋದು! ಅದೂ ಸೀರೆ ಉಟ್ಕೊಂಡ್ ಬಾ ಅಂತ. ಸ್ಕೋರ್ ಬರೀತಿದ್ದ ಹುಡುಗ ಎದುರಿಗೆ ಐದೇ ಜನ ಡಿಫೆಂಡರ್ ಇದ್ರೂ ಬೋನಸ್ ಪಾಯಿಂಟ್ ಕೊಟ್ಕೊಂಡು ಕೂತಿದ್ದ, ಅದಕ್ಕೆ ಆರಾದ್ರೂ ಇರ್ಬೇಕು, ತಟ್ಟೆ ಹಿಡ್ಕೊಂಡೇ ಕೂಗಿ ಹೇಳ್ದೆ. ಈ ಫೀಲ್ಡಲ್ಲಿ ಎಲ್ಲಾ ಕಡೆ ಇದೇ ಕಥೆನಾ?

ಅಡಿಕೆ_ಚೇಣಿ:
ನಾನೂ ನಮ್ಮೂರ ಕಮಿಟೀಲಿ ಇರೋನೇ, ಬೇಜಾರ್ ಮಾಡ್ಕೋಬೇಡಿ. ಫೈನಲ್ ಮುಗಿಯೋದು ಬೆಳಗಿನ ಜಾವ ನಾಲ್ಕಕ್ಕೆ, ಆಮೇಲೆ ಸೋತವರ ಗಲಾಟೆ ಬೇರೆ, ಹೆಣ್ಮಕ್ಕಳನ್ನ ಅಲ್ಲೀತನಕ ಹೆಂಗೆ ಕೂರಿಸೋದು ಹೇಳಿ. ವ್ಯವಸ್ಥೆ ಇಲ್ಲ ಅಷ್ಟೆ.

ನಿವೃತ್ತ_ಪಿಟಿ_ಮೇಡಂ:
ಬಹುಮಾನ ಕೊಡೋದೂ ಫೈನಲ್ ಆದ್ಮೇಲೇ ಅಲ್ದಾ, ತಟ್ಟೆ ಹಿಡಿಯೋಕೆ ಆ ಹೊತ್ತಲ್ಲಿ ವ್ಯವಸ್ಥೆ ಎಲ್ಲಿಂದ ಬಂತು ಮಾರಾಯ್ರೆ?
ತಂಗಿ, ನಂದೂ ಇದೇ. ತಾಲೂಕು ಕ್ರೀಡಾಕೂಟಕ್ಕೆ ಸುಣ್ಣ ಹಾಕ್ಸಿ ಟ್ರ್ಯಾಕ್ ಎಳ್ಸಿದ್ದು ನಾನು, ಉಪ್ಪಿಟ್ಟಿನ ಲೆಕ್ಕ ಬರ್ದಿದ್ದು ನಾನು, ಮಳೆ ಬಂದಾಗ ಮಕ್ಕಳನ್ನ ಶಾಲೆ ಜಗಲಿಗೆ ಹತ್ತಿಸಿದ್ದೂ ನಾನು, ಇನ್ವಿಟೇಶನ್ನಲ್ಲಿ ಸಂಚಾಲಕರು ಅಂತ ಹೆಸ್ರು ಮಾತ್ರ ಬೇರೆಯವ್ರದ್ದು. ವಂದನಾರ್ಪಣೆ ನಂಗೆ.
ಕಬಡ್ಡೀಲೇ ನೋಡು, ನಾಸಿಕ್‌ನ ಶೈಲಜಾ ಜೈನ್ ಇರಾನ್ ಹೆಂಗಸರ ಟೀಮಿಗೆ ಕೋಚ್ ಆಗಿ ಹೋದ್ರು, 2010, 2014 ಎರಡೂ ಸಲ ಏಷ್ಯನ್ ಗೇಮ್ಸ್ ಗೆದ್ದಿದ್ದ ನಮ್ ಇಂಡಿಯಾನ 2018ರ ಫೈನಲಲ್ಲಿ ಅವ್ರ ಹುಡುಗೀರು 27-24ಕ್ಕೆ ಸೋಲ್ಸಿದ್ರು. ನಮ್ಮೋರನ್ನ ನಾವು ಕೂರಿಸ್ಕೊಳ್ಳದಿದ್ರೆ ಬೇರೆಯೋರು ಕರ್ಕೊಂಡು ಹೋಗ್ತಾರೆ. ನೀನು ಮೊದ್ಲು ರೆಫ್ರಿ ಪರೀಕ್ಷೆ ಬರಿ, ವಿಸಲ್ ಕೈಗೆ ಬಂದ್ರೆ ತಟ್ಟೆ ಹಿಡಿ ಅನ್ನೋಕೆ ಸ್ವಲ್ಪ ಹಿಂಜರೀತಾರೆ.

ಸಾಗರ_ಸುಬ್ಬ:
ಮೇಲ್ಗಡೆ ಬಾಗ್ಲು ತೆರೀತಿದೆ, ನಿಧಾನಕ್ಕೆ. 2019ರಲ್ಲಿ ನಮ್ಮ ಕ್ರಿಕೆಟರ್ ಶಾಂತಾ ರಂಗಸ್ವಾಮಿ ಬಿಸಿಸಿಐ ಆಡಳಿತ ನೋಡೋ ಅಪೆಕ್ಸ್ ಕೌನ್ಸಿಲ್ಲಿಗೆ ಹೋದ್ರು, 2022ರಲ್ಲಿ ಪಿ.ಟಿ. ಉಷಾ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆ ಆದ್ರು. 2025ರ ಕ್ರೀಡಾ ಆಡಳಿತ ಕಾಯ್ದೆ ಪ್ರಕಾರ ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯಕಾರಿ ಸಮಿತೀಲಿ ಜಾಸ್ತಿ ಅಂದ್ರೆ 15 ಜನ, ಅದ್ರಲ್ಲಿ ಕನಿಷ್ಠ 4 ಹೆಂಗಸರು ಇರ್ಲೇಬೇಕು. ಆದ್ರೆ ಪ್ಯಾರಿಸ್ ಒಲಿಂಪಿಕ್ಸಿಗೆ ಆಡೋರ ಕೋಟಾ ಗಂಡಸರಿಗೆ ಹೆಂಗಸರಿಗೆ ಅರ್ಧಕ್ಕರ್ಧ ಆಯ್ತಲ್ಲ, ಅದ್ರ ಹಿಂದಿನ ಟೋಕಿಯೋದಲ್ಲಿ ಕೋಚ್‌ಗಳಲ್ಲಿ ಹೆಂಗಸರು ನೂರಕ್ಕೆ ಸುಮಾರು 13 ಅಷ್ಟೆ. ಕಾಯ್ದೆ ನಮ್ಮೂರ ಯುವಕ ಸಂಘಕ್ಕೆ ಬರಲ್ಲ ಬಿಡಿ, ಸಂಘದ ಹೆಸ್ರಲ್ಲೇ ಯುವಕ ಇದೆ. ಕೋರ್ಸ್ ಮಾಡಿ, ಆದ್ರೆ ಇಂಟರ್ನ್‌ಶಿಪ್ ಎಲ್ಲಿ ಕೊಡಿಸ್ತಾರೆ ಅಂತ ಕೇಳ್ಕೊಂಡೇ ಫೀಸ್ ಕಟ್ಟಿ.

ತೀರ್ಥಳ್ಳಿ_ರೈಡರ್:
ವಂದನಾರ್ಪಣೆ ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು ಮೇಡಂ. ರೆಫ್ರಿ ಪರೀಕ್ಷೆ ಯಾವಾಗ ಅಂತ ವಿಚಾರಿಸ್ತೀನಿ. ಚೇಣಿಯಣ್ಣ, ನಿಮ್ಮೂರ ಮುಂದಿನ ಟೂರ್ನಮೆಂಟಿಗೆ ಟೇಬಲ್ಲಿಗೆ ನನ್ ಹೆಸ್ರು ಬರ್ಕೊಳ್ಳಿ, ನಾಲ್ಕು ಗಂಟೆ ತನಕ ಕೂರ್ತೀನಿ, ಅಪ್ಪ ಹೆಂಗೂ ಪಂದ್ಯ ನೋಡೋಕೆ ಬಂದೇ ಬರ್ತಾರೆ.

ಅಡಿಕೆ_ಚೇಣಿ:
ಕೊಯ್ಲು ಮುಗೀಲಿ, ಕಮಿಟೀಲಿ ಕೇಳಿ ಹೇಳ್ತೀನಿ.

ನಿವೃತ್ತ_ಪಿಟಿ_ಮೇಡಂ:
ಯಾವ ವರ್ಷದ ಕೊಯ್ಲು?