0 = 0 ಬಂದರೆ ಉತ್ತರ ಸೊನ್ನೆಯಲ್ಲ

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ)
2(3ಕ್ಷ − 4) + 5 = 6ಕ್ಷ − 3
6ಕ್ಷ − 3 = 6ಕ್ಷ − 3
0 = 0
ಆದ್ದರಿಂದ ಕ್ಷ = 0
ಮಕ್ಕಳಿಗೆ ಉಪಯೋಗ ಆಗತ್ತೆ, ತೋರಿಸಿ.

ಹಾಸನ ಅತ್ತೆ: ಅಣ್ಣ, ಕೊನೇ ಸಾಲು ತಪ್ಪು. ಹೀಗೇ ಮಕ್ಕಳ ಕೈಗೆ ಕೊಡಬೇಡ.

ದೊಡ್ಡಪ್ಪ: ಕ್ಷ ಜಾಗಕ್ಕೆ 0 ಹಾಕಿ ನೋಡಿದೆನಲ್ಲ. ಎಡಕ್ಕೆ −8 + 5 = −3, ಬಲಕ್ಕೂ −3. ತಾಳೆ ಆಯ್ತು.

ಹಾಸನ ಅತ್ತೆ: 10 ಹಾಕು. ಎಡಕ್ಕೆ 2 × 26 + 5 = 57. ಬಲಕ್ಕೆ 60 − 3, ಅದೂ 57. 1 ಹಾಕಿದ್ರೆ ಎರಡೂ ಕಡೆ 3. ಯಾವ ಸಂಖ್ಯೆ ಹಾಕಿದ್ರೂ ತಾಳೆ ಆಗತ್ತೆ, ಸೊನ್ನೆ ಅದರಲ್ಲಿ ಒಂದು ಅಷ್ಟೆ. 0 = 0 ಅನ್ನೋ ಸಾಲು ಕ್ಷದ ಬೆಲೆ ಹೇಳ್ತಿಲ್ಲ. ಎಡಕ್ಕೂ ಬಲಕ್ಕೂ ಇರೋದು ಒಂದೇ ಅಂತ ಹೇಳ್ತಿದೆ. ಅಪರಿಮಿತ ಪರಿಹಾರಗಳು.

ಚಿಕ್ಕಪ್ಪ: ಕೊನೇತನಕ ಬಿಡಿಸೋದೇ ಬೇಡ ಅಕ್ಕ. ಎರಡೂ ಕಡೆ ಕ್ಷದ ಸಹಗುಣಕ, ಅಂದ್ರೆ ಕ್ಷದ ಮುಂದಿರೋ ಸಂಖ್ಯೆ, ನೋಡಿ. ಬೇರೆ ಬೇರೆ ಇದ್ರೆ ಒಂದೇ ಒಂದು ಪರಿಹಾರ. ಒಂದೇ ಇದ್ರೆ ಸ್ಥಿರಾಂಕ (ಕ್ಷ ಇಲ್ಲದ ಸಂಖ್ಯೆ) ನೋಡಿ: ಅದೂ ಒಂದೇ ಆದ್ರೆ ಅಪರಿಮಿತ, ಇಲ್ಲದಿದ್ರೆ ಪರಿಹಾರವೇ ಇಲ್ಲ. ಇದರಲ್ಲೇ ಬಲಗಡೆ 6ಕ್ಷ + 3 ಇದ್ದಿದ್ರೆ −3 = 3 ಬರ್ತಿತ್ತು, ಸುಳ್ಳು.

ಹಾಸನ ಅತ್ತೆ: ನಿಯಮ ಒಪ್ಪಿದೆ. ಆದರೆ ಆವರಣ ಬಿಡಿಸಿ, ಭಿನ್ನರಾಶಿ ತೆಗೆದ ಮೇಲೆ ಮಾತ್ರ. ಮಕ್ಕಳು ಎಡವೋದೇ ಅಲ್ಲಿ. −2(ಕ್ಷ − 3) = 6 − 2ಕ್ಷ ತಗೋ. ಎಡಗಡೆ ಬಿಡಿಸುವಾಗ +6 ಬದಲು −6 ಬರೆದ್ರೆ −6 = 6 ಅಂತಾಗಿ 'ಪರಿಹಾರ ಇಲ್ಲ' ಅನ್ನಿಸತ್ತೆ. ನಿಜಕ್ಕೂ ಅದು ಅಪರಿಮಿತ. ಇನ್ನು ಕ್ಷ/2 + ಕ್ಷ/3 − 2 = 5ಕ್ಷ/6 − 2. 6ರಿಂದ ಗುಣಿಸುವಾಗ ಬಲಗಡೆಯ 2ನ್ನ ಹಾಗೇ ಬಿಟ್ಟುಬಿಡ್ತಾರೆ. −12 = −2 ಆಗಿ ಮತ್ತೆ ಅದೇ ತಪ್ಪು. ಪ್ರತಿ ಪದಕ್ಕೂ 6 ತಾಗಬೇಕು.

ನಾನು: ಅತ್ತೆ, 5ಕ್ಷ = 3ಕ್ಷ ಇದ್ರೆ? ಎರಡೂ ಕಡೆ ಕ್ಷ ಹೊಡೆದ್ರೆ 5 = 3. ಪರಿಹಾರ ಇಲ್ಲ ಅಲ್ವಾ?

ಚಿಕ್ಕಪ್ಪ: ಸಹಗುಣಕ 5 ಮತ್ತು 3, ಬೇರೆ ಬೇರೆ. ಒಂದು ಪರಿಹಾರ ಇರಲೇಬೇಕು.

ಹಾಸನ ಅತ್ತೆ: ಕ್ಷ ಹೊಡೆಯೋದು ಅಂದ್ರೆ ಕ್ಷದಿಂದ ಭಾಗಿಸೋದು ಪುಟ್ಟಾ. ಕ್ಷ ಸೊನ್ನೆಯೇ ಆಗಿದ್ರೆ? ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. 3ಕ್ಷ ಕಳಿ: 2ಕ್ಷ = 0, ಕ್ಷ = 0. ನೀನು ಹೊಡೆದು ಹಾಕಿದ್ದು ಉತ್ತರವನ್ನೇ.

ದೊಡ್ಡಪ್ಪ: ಅಂದ್ರೆ 2ಕ್ಷ = 0 ಬಂದ್ರೆ ಸೊನ್ನೆ ಉತ್ತರ, 0 = 0 ಬಂದ್ರೆ ಅಲ್ಲ.

ಹಾಸನ ಅತ್ತೆ: ಹೂಂ. ಮೊದಲನೇದರಲ್ಲಿ ಕ್ಷ ಇನ್ನೂ ಉಳಿದಿದೆ. ಎರಡನೇದರಲ್ಲಿ ಹೋಗಿಬಿಟ್ಟಿದೆ.

ನಾನು: ಹತ್ತನೇ ಕ್ಲಾಸಲ್ಲಿ ಅನುಪಾತ ಹೋಲಿಸ್ತೀವಲ್ಲ, ಅದೇನಾ ಇದು?

ಚಿಕ್ಕಪ್ಪ: ಅದು ಎರಡು ಚರಾಕ್ಷರ ಇರೋ ಸಮೀಕರಣಗಳ ಜೋಡಿಗೆ. ಇಲ್ಲಿ ಚರಾಕ್ಷರ ಒಂದೇ. ಆದರೆ ಗ್ರಾಫ್ ಎಳೆದ್ರೆ ಚಿತ್ರ ಅದೇ: ಎಡಗಡೇದು ಒಂದು ಗೆರೆ, ಬಲಗಡೇದು ಇನ್ನೊಂದು. ಒಂದು ಕಡೆ ಕೂಡಿದ್ರೆ ಒಂದು ಪರಿಹಾರ, ಸಮಾಂತರ ಆದ್ರೆ ಇಲ್ಲ, ಒಂದರ ಮೇಲೊಂದು ಕೂತ್ರೆ ಅಪರಿಮಿತ.

ದೊಡ್ಡಪ್ಪ: ಚಿತ್ರ ಡಿಲೀಟ್ ಮಾಡಿದೆ. ತಿದ್ದಿ ಹಾಕ್ತೀನಿ. ಕೊನೇ ಸಾಲು 'ಕ್ಷ = ಎಲ್ಲಾ ಸಂಖ್ಯೆ' ಅಂತ ಇರಲಾ?

ಹಾಸನ ಅತ್ತೆ: ಸಮ ಚಿಹ್ನೆ ಬೇಡ ಅಣ್ಣ. '0 = 0, ಯಾವಾಗಲೂ ಸತ್ಯ. ಕ್ಷ ಯಾವುದೇ ವಾಸ್ತವ ಸಂಖ್ಯೆ ಆಗಬಹುದು' ಅಂತ ಬರಿ. ಕೆಳಗೆ 10 ಹಾಕಿದ ತಾಳೆಯನ್ನೂ ಸೇರಿಸು.