ತುರ್ಕ್‌ಮೆನ್ ಕಡಗ: ಸಾಂದ್ರತೆ 8.6 ಬರ್ತಿದೆ, ಬೆಳ್ಳಿನಾ ಜರ್ಮನ್ ಸಿಲ್ವರ್ರಾ?

ಹಳೆಬೆಳ್ಳಿ: 19ನೇ ಶತಮಾನದ ತೆಕ್ಕೆ ತುರ್ಕ್‌ಮೆನ್ (ಮಧ್ಯ ಏಷ್ಯಾದ ತುರ್ಕ್‌ಮೆನ್ ಜನರ ಒಂದು ಬುಡಕಟ್ಟು) ಕಡಗ ಅಂತ ಹೇಳಿ ಕೊಟ್ಟಿದ್ದಾರೆ. ಅಗಲ ಪಟ್ಟಿ, ಹಿಂದೆ ಬಾಯಿ ತೆರೆದಿದೆ, ಎಂಟು ಕೆಂಪು ಹರಳು, ಚಿನ್ನದ ಮುಲಾಮು. ಶುದ್ಧತೆಯ ಮುದ್ರೆ ಎಲ್ಲೂ ಇಲ್ಲ. ಮ್ಯಾಗ್ನೆಟ್ ಹಿಡಿಯಲ್ಲ. ತೂಕ 142 ಗ್ರಾಂ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು, ಕಡಗವನ್ನು ದಾರದಲ್ಲಿ ತೂಗುಬಿಟ್ಟು ಮುಳುಗಿಸಿದಾಗ 16.5 ಗ್ರಾಂ ಏರಿತು, ಅಂದರೆ ಕಡಗದ ಗಾತ್ರ 16.5 ಘನ ಸೆಂ.ಮೀ. ತೂಕವನ್ನು ಗಾತ್ರದಿಂದ ಭಾಗಿಸಿದರೆ 8.6. ಬೆಳ್ಳಿ ಆಗಿದ್ದರೆ 10 ದಾಟಬೇಕಿತ್ತಲ್ವಾ?

ಕುಲುಮೆ: ಜರ್ಮನ್ ಸಿಲ್ವರ್ರೇ, ಬೆಳ್ಳಿಯೇ ಇಲ್ಲದ ತಾಮ್ರ-ನಿಕಲ್-ಸತುವಿನ ಮಿಶ್ರಲೋಹ. ಅದರ ಸಾಂದ್ರತೆ ಇದರ ಆಸುಪಾಸಿನಲ್ಲೇ ಇರೋದು, ಅದನ್ನೂ ಮ್ಯಾಗ್ನೆಟ್ ಹಿಡಿಯಲ್ಲ. ಮುದ್ರೆನೂ ಇಲ್ಲ ಅಂದಮೇಲೆ ಮುಗೀತು.

ಒರೆಗಲ್ಲು: ಸ್ವಲ್ಪ ತಡೀರಿ. ಆ ಭಾಗಾಕಾರ ಬರೀ ಲೋಹದ ಕಡಗಕ್ಕೆ ಮಾತ್ರ ಸರಿ. ಇಂಥ ಒಡವೆಯ ಕೆಂಪು ಹರಳು ಸಾಮಾನ್ಯವಾಗಿ ಕಾರ್ನೀಲಿಯನ್, ಅದರ ಸಾಂದ್ರತೆ ಸುಮಾರು 2.6. ಹರಳೆಲ್ಲ ಸೇರಿ 9 ಗ್ರಾಂ, ಉಳಿದ 133 ಗ್ರಾಂ ತಾಮ್ರ ಬೆರೆತ ಬೆಳ್ಳಿ (10.2) ಅಂತ ಇಟ್ಕೊಳ್ಳಿ. ಗಾತ್ರ ಬೆಳ್ಳಿಗೆ 13, ಹರಳಿಗೆ 3.5, ಒಟ್ಟು ಅದೇ 16.5! ಹರಳಿನಡಿ ಅರಗು ತುಂಬಿದ್ದರಂತೂ ಲೆಕ್ಕ ಇನ್ನೂ ಕೆಡುತ್ತೆ. ಹಾಗಂತ ಇದು ಬೆಳ್ಳಿ ಅಂತ ನಾನು ಹೇಳ್ತಿಲ್ಲ. ಈ ಪರೀಕ್ಷೆಯಿಂದ ಯಾವುದೂ ತೀರ್ಮಾನ ಆಗಲ್ಲ, ಅಷ್ಟೇ.

ಮುದ್ರೆ ಇಲ್ಲದಿರೋದು ಇಲ್ಲಿ ದೋಷವಲ್ಲ. ತುರ್ಕ್‌ಮೆನ್ ಅಕ್ಕಸಾಲಿಗಳು ಬೆಳ್ಳಿ ನಾಣ್ಯ ಕರಗಿಸಿ ಒಡವೆ ಮಾಡ್ತಿದ್ದರು, ಮುದ್ರೆ ಒತ್ತಿಸೋ ಗೋಜಿಗೆ ಹೋಗ್ತಿರಲಿಲ್ಲ. 925 (ಶೇ. 92.5 ಬೆಳ್ಳಿ ಅನ್ನೋ ಗುರುತು) ಅಂತ ಇದ್ದಿದ್ದರೇ ನನಗೆ ಅನುಮಾನ ಬರ್ತಿತ್ತು.

ಈಗ ಹರಳಿನ ಹಿಂದಿನಿಂದಲೋ ಪಕ್ಕದಿಂದಲೋ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಗಾಜಾದರೆ ದುಂಡನೆ ಗುಳ್ಳೆ ಕಾಣುತ್ತೆ. ಕಾರ್ನೀಲಿಯನ್ ಆದರೆ ಮೋಡ ಕವಿದ ಹಾಗೆ ಬಣ್ಣ ಒಂದೆಡೆ ದಟ್ಟ, ಒಂದೆಡೆ ತೆಳು. ಆಮೇಲೆ ಸವೆತ. ಕೈಗೆ ಹಾಕಿ ಹಾಕಿ ಸವೆದಿದ್ದರೆ ಉಬ್ಬಿದ ಜಾಗ ಮತ್ತು ಬಾಯಿಯ ಅಂಚು ನುಣುಪಾಗಿರುತ್ತೆ, ಕಪ್ಪು ಸಂದಿಯಲ್ಲಿ ಉಳಿದಿರುತ್ತೆ. ಎಲ್ಲ ಕಡೆ ಒಂದೇ ಸಮ ಕಪ್ಪಿದ್ದರೆ ಅದು ಗಂಧಕದ ದ್ರಾವಣದಲ್ಲಿ ಅದ್ದಿ ತೆಗೆದ ಮುಪ್ಪು. ಮುಲಾಮು ಹೇಗಿದೆ ಅಂತನೂ ಹೇಳಿ.

ಹಳೆಬೆಳ್ಳಿ: ಎರಡು ಹರಳಲ್ಲಿ ಗುಳ್ಳೆ ಇದೆ, ಆರರಲ್ಲಿ ನೀವಂದ ಮೋಡ. ಅಂಚು ನುಣುಪು. ಮುಲಾಮು ಇರೋದು ಬೆಳ್ಳಿ ಮೇಲೆ ಅಂಟಿಸಿದ ಪುಟ್ಟ ಅಚ್ಚಿನ ತಗಡುಗಳ ಮೇಲೆ ಮಾತ್ರ.

ಒರೆಗಲ್ಲು: ಹಾಗಾದರೆ ಆ ಎರಡು ಹರಳು ಆಮೇಲೆ ಕೂರಿಸಿದವು ಇರಬಹುದು, ಹಳೇ ಒಡವೆಯಲ್ಲಿ ಅದು ಮಾಮೂಲಿ. ಆದರೆ 'ತೆಕ್ಕೆ' ಅನ್ನೋದನ್ನ ನಾನು ಒಪ್ಪಲ್ಲ. ತೆಕ್ಕೆಯವರದು ಬೆಳ್ಳಿಯಲ್ಲೇ ಕೊರೆದ ಬಳ್ಳಿ, ಅದರ ಸುತ್ತ ಮುಲಾಮು. ಅಚ್ಚೊತ್ತಿದ ಮುಲಾಮು ತಗಡು ಅಂಟಿಸೋದು ಯೋಮುತ್ ಅನ್ನೋ ಇನ್ನೊಂದು ತುರ್ಕ್‌ಮೆನ್ ಬುಡಕಟ್ಟಿನ ಶೈಲಿ.

ಲೋಹದ ವಿಷಯಕ್ಕೆ, ಒಳಮೈಯ ಅಂಚನ್ನ ಅಕ್ಕಸಾಲಿ ಹತ್ರ ಒರೆ ಹಚ್ಚಿಸಿ. ಆಸಿಡ್ ಕಲ್ಲಿನ ಮೇಲಿನ ಗೆರೆಗಷ್ಟೇ ಬೀಳಬೇಕು, ಕಡಗಕ್ಕೆ ನೇರ ಹಾಕೋಕೆ ಬಿಡಬೇಡಿ. ಪಾಲಿಶ್ ಮಾಡಿಕೊಡ್ತೀನಿ ಅಂದರೂ ಬೇಡ ಅನ್ನಿ.

ಕುಲುಮೆ: ಹರಳಿನ ತೂಕ ನನ್ನ ತಲೆಗೇ ಬರಲಿಲ್ಲ. ಒರೆ ಏನು ಹೇಳ್ತು ಅಂತ ಇಲ್ಲೇ ಹಾಕಿ.